ಕಿಟ್ಲಿಯ ತಳದಲ್ಲಿ ಕುಳಿತ ಸುಣ್ಣ

ಇಂಡಿ ಅಥವಾ ಸಿಂದಗಿಯ ಕಡೆಯ ಯಾವುದೇ ಹಳ್ಳಿಯಲ್ಲಿ ಹಳೆಯ ಚಹಾ ಕಿಟ್ಲಿಯ ಮುಚ್ಚಳ ತೆಗೆದು ಒಳಗೆ ಇಣುಕಿ ನೋಡಿದರೆ ಲೋಹ ಕಾಣುವುದು ಕಡಿಮೆ. ತಳದಲ್ಲೂ ಪಕ್ಕದಲ್ಲೂ ಬೂದುಬಿಳಿಯ ಹಕ್ಕಳೆ ಕಟ್ಟಿರುತ್ತದೆ. ಬೆರಳಿನಿಂದ ತಿಕ್ಕಿದರೆ ಹೋಗುವುದಿಲ್ಲ, ಬೂದಿ ಹಾಕಿ ಉಜ್ಜಿದರೂ ಹೋಗುವುದಿಲ್ಲ. ಚಮಚೆಯ ತುದಿಯಿಂದ ಕೆರೆದರೆ ಮಾತ್ರ ಚೂರುಚೂರಾಗಿ ಏಳುತ್ತದೆ. ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆಯಲ್ಲಾದರೆ ಅದೇ ಪದರ ಇನ್ನೂ ದಪ್ಪ. ಪೇಟೆಯ ಮನೆಗಳ ವಿದ್ಯುತ್ ಕೆಟಲ್ ಮತ್ತು ಗೀಸರುಗಳನ್ನೂ ಅದು ಬಿಟ್ಟಿಲ್ಲ.

ಮನೆಯವರಿಗೆ ಇದೊಂದು ದಿನನಿತ್ಯದ ಕಿರಿಕಿರಿ. 'ನಮ್ಮೂರ ನೀರು ಸವಳು' ಎಂದು ಹೇಳಿ ಮಾತು ಮುಗಿಸುವವರೇ ಹೆಚ್ಚು. ಆದರೆ ಆ ಹಕ್ಕಳೆ ಬರೀ ಕೊಳೆಯಲ್ಲ. ವಿಜಯಪುರ ಜಿಲ್ಲೆಯ ಜನ ಯಾವ ಕಾಲದಲ್ಲಿ ಯಾವ ನೀರು ಕುಡಿದರು, ಒಂದು ನೀರನ್ನು ಬಿಟ್ಟು ಇನ್ನೊಂದಕ್ಕೆ ಏಕೆ ಹೋದರು, ಅದಕ್ಕೆ ಏನು ಬೆಲೆ ತೆತ್ತರು ಎಂಬ ಕಥೆಯ ಒಂದು ತುಣುಕು ಅದರೊಳಗಿದೆ.

ಗೋಳಗುಮ್ಮಟದ ಬಂಧು

ಕಿಟ್ಲಿಯೊಳಗಿನ ಬಿಳಿ ಪದರದ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲು ಎಂದು ನಾವು ಕರೆಯುವುದೂ ಇದನ್ನೇ. ಈ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ ಸುಣ್ಣವಾಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಗಾರೆ ಮಾಡಿ ಗೋಡೆಗೆ ಬಳಿದರೆ, ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮೆಲ್ಲಗೆ ಮತ್ತೆ ಕಲ್ಲಾಗುತ್ತದೆ. ಮುಹಮ್ಮದ್ ಆದಿಲ್ ಶಾಹನ ಸಮಾಧಿಯ ಮೇಲೆ ಸುಮಾರು 44 ಮೀಟರ್ ವ್ಯಾಸದ ಗುಮ್ಮಟ ಮೂರೂವರೆ ಶತಮಾನಗಳಿಂದ ನಿಂತಿರುವುದು ಇಂಥ ಸುಣ್ಣದ ಗಾರೆಯ ಬಲದಿಂದ. ಅಂದರೆ ಗೋಳಗುಮ್ಮಟದ ಕಲ್ಲುಗಳನ್ನು ಹಿಡಿದಿಟ್ಟ ವಸ್ತುವೂ ಬಡವನ ಕಿಟ್ಲಿಯ ತಳ ಹಿಡಿದ ವಸ್ತುವೂ ಒಂದೇ. ಒಂದನ್ನು ಕೈಯಿಂದ ಕಟ್ಟಿದ್ದು, ಇನ್ನೊಂದನ್ನು ನೀರು ತಾನೇ ಕಟ್ಟಿದ್ದು.

ನೀರಿಗೆ ಸುಣ್ಣ ಬರುವುದು ನೆಲದಿಂದ. ಇಂಡಿ, ಸಿಂದಗಿ, ಬಸವನಬಾಗೇವಾಡಿಗಳ ಬಹುಭಾಗ ದಖ್ಖನಿನ ಕಪ್ಪು ಕಲ್ಲಿನ ಹಾಸು. ಕೋಟ್ಯಂತರ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ ಅದು. ಅದು ಕರಗಿ ಆದ ಎರೆಮಣ್ಣಿನಲ್ಲಿ ಸುಣ್ಣದ ಹರಳುಗಳು ಹೇರಳವಾಗಿವೆ. ಎರೆ ಹೊಲ ಆಳವಾಗಿ ನೇಗಿಲು ಹೊಡೆದಾಗ ಮೇಲೆ ಬರುವ ಬಿಳಿಯ ಹರಳುಗಳನ್ನು ಕಾಣದ ರೈತ ಈ ಭಾಗದಲ್ಲಿಲ್ಲ. ಮುದ್ದೇಬಿಹಾಳ, ತಾಳಿಕೋಟಿ ಭಾಗದಲ್ಲಿ ಇದಕ್ಕಿಂತಲೂ ಹಳೆಯದಾದ, ಭೀಮಾ ಶ್ರೇಣಿಗೆ ಸೇರಿದ ಸುಣ್ಣಕಲ್ಲಿನ ಪದರಗಳೇ ಇವೆ. ನೆರೆಯ ಕಲಬುರ್ಗಿ ಜಿಲ್ಲೆಯ ಶಹಾಬಾದ್ ಕಲ್ಲು ಇದೇ ಶ್ರೇಣಿಯದು.

ಮಳೆಯ ನೀರಿನಲ್ಲಿ ಸುಣ್ಣ ಇರುವುದಿಲ್ಲ. ಅದು ಬೀಳುವಾಗ ಗಾಳಿಯಿಂದ, ಮಣ್ಣಿಗಿಳಿದಾಗ ಬೇರುಗಳ ಉಸಿರಿನಿಂದ ಇಂಗಾಲದ ಡೈಆಕ್ಸೈಡನ್ನು ಪಡೆದು ತುಸು ಹುಳಿಯಾಗುತ್ತದೆ. ಹುಳಿ ನೀರು ಹರಳನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಹೆಚ್ಚು ಮಳೆಯಾಗುವ ಮಲೆನಾಡಿನಲ್ಲಿ ಸುಣ್ಣ ತೊಳೆದು ಹೋಗುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ, ಅದೂ ನೆಚ್ಚಿಕೆಯಿಲ್ಲದ ಈ ಬಯಲಿನಲ್ಲಿ ಅದು ಅಲ್ಲೇ ಉಳಿಯುತ್ತದೆ. ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಸಂಗಡ ಹೆಚ್ಚು ಕಾಲ ಕಳೆದಿರುತ್ತದೆ. ಹೆಚ್ಚು ಗಡಸಾಗಿರುವುದೂ ಸಾಮಾನ್ಯ.

ಸವಳು ಮತ್ತು ಗಡಸು ಎರಡೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಉಪ್ಪಿನ ರುಚಿ ಕೊಡುವ ಲವಣ ಹೆಚ್ಚಿದ್ದರೆ ನೀರು ಸವಳು. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚಿದ್ದರೆ ಗಡಸು. ಜತ್ತ ಸೀಮೆಯಲ್ಲಿ ಹುಟ್ಟಿ ಜಿಲ್ಲೆಯ ನಡುವೆ ಹರಿಯುವ ಡೋಣಿ ನದಿ ಸವಳು ನೀರಿಗೆ ಹೆಸರಾದದ್ದು. ಅದರ ದಂಡೆಯ ಎರೆ ಭೂಮಿ ಜೋಳಕ್ಕೆ ಹೆಸರಾದದ್ದು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತೇ ಇದೆ. ಆದರೆ ಓಣಿ ತುಂಬ ಜೋಳ ಕೊಟ್ಟ ಹೊಳೆಗೆ ಒಂದು ಕೊಡ ಕುಡಿಯುವ ನೀರು ಕೊಡಲಾಗಲಿಲ್ಲ.

ಬಾವಿಗಳ ಕಾಲ

ಒಳ್ಳೆಯ ನೀರಿನ ಹಂಬಲ ಈ ನೆಲದಲ್ಲಿ ಹೊಸದಲ್ಲ. ಆದಿಲ್ ಶಾಹಿ ಅರಸರು ವಿಜಯಪುರವನ್ನು ದೊಡ್ಡ ನಗರವಾಗಿ ಬೆಳೆಸಿದಾಗ ಮೊದಲು ಎದುರಾದದ್ದು ಇದೇ ಪ್ರಶ್ನೆ. ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ 1579ರಲ್ಲಿ ಚಾಂದ್ ಬಾವಡಿ, ಎರಡನೆಯ ಇಬ್ರಾಹಿಮನ ಕಾಲದಲ್ಲಿ 1620ರಲ್ಲಿ ತಾಜ್ ಬಾವಡಿ ಸಿದ್ಧವಾದವು. ಪಶ್ಚಿಮಕ್ಕಿರುವ ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದರು. 1651ರಲ್ಲಿ ಬೇಗಂ ತಲಾಬ್ ಕಟ್ಟಿ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಹರಿಸಿದರು. ದಾರಿಯುದ್ದಕ್ಕೂ ಕಟ್ಟಿದ ಎತ್ತರದ 'ಗಂಜ್' ಎಂಬ ಗೋಪುರಗಳು ಕೊಳವೆಗಳ ಒತ್ತಡ ತಗ್ಗಿಸುತ್ತಿದ್ದವು. ನೀರಿನ ಕೆಸರು ಅವುಗಳ ತಳದಲ್ಲಿ ನಿಲ್ಲುತ್ತಿತ್ತು. ಆದರೆ ಕಣ್ಣಿಗೆ ಕಾಣುವ ಕೆಸರು ತಳ ಸೇರುತ್ತದೆ, ಕರಗಿದ ಸುಣ್ಣ ಸೇರುವುದಿಲ್ಲ. ಅದು ತಿಳಿನೀರಿನಲ್ಲಿ ತಿಳಿಯಾಗಿಯೇ ಇರುತ್ತದೆ.

ಹಳ್ಳಿಗಳಿಗೆ ಇಂಥ ಏರ್ಪಾಟು ಇರಲಿಲ್ಲ. ಊರಿಗೊಂದು ಸಿಹಿನೀರಿನ ಬಾವಿ ಇದ್ದರೆ ಅದೇ ಪುಣ್ಯ. ಕುಡಿಯಲು, ಬೇಳೆ ಬೇಯಿಸಲು ಆ ಬಾವಿಯ ನೀರು, ಬಟ್ಟೆ ಪಾತ್ರೆಗೆ ಸವಳು ಬಾವಿಯ ನೀರು ಎಂದು ಹೆಣ್ಣುಮಕ್ಕಳು ವಿಂಗಡಿಸಿಕೊಂಡಿದ್ದರು. ಬೇಳೆಯೇ ಅವರ ಪ್ರಯೋಗಾಲಯ. ಗಡಸು ನೀರಿನ ಕ್ಯಾಲ್ಸಿಯಂ ಕಾಳಿನ ಜೀವಕೋಶದ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟನ್ನು ಗಟ್ಟಿ ಮಾಡುತ್ತದೆ. ಅದರಿಂದ ತೊಗರಿ ಬೇಳೆ ಎಷ್ಟು ಕುದಿಸಿದರೂ ಕರಗದು. ಅಡುಗೆ ಸೋಡಾದ ಚಿಟಿಕೆ ಬಿದ್ದರೆ ಮಾತ್ರ ಮೆತ್ತಗಾಗುತ್ತದೆ. ಯಾವ ಬಾವಿಯಲ್ಲಿ ಬೇಳೆ ಬೇಯುತ್ತದೆ ಎಂಬುದರ ಮೇಲೆ ಊರಿನ ನೀರಿನ ದಾರಿಗಳು ನಿರ್ಧಾರವಾಗುತ್ತಿದ್ದವು.

ಚಹಾ ಮತ್ತು ಉಗಿಬಂಡಿ

ಕಿಟ್ಲಿ ಈ ಭಾಗಕ್ಕೆ ಬಂದದ್ದು ತಡವಾಗಿ. 1880ರ ದಶಕದಲ್ಲಿ ಹೋಟಗಿಯಿಂದ ವಿಜಯಪುರದ ಮೂಲಕ ಗದಗಕ್ಕೆ ರೈಲು ಹಾದಿ ಬಂತು. ಇಂಡಿ ರೋಡ್, ಬಸವನಬಾಗೇವಾಡಿ ರೋಡ್, ಆಲಮಟ್ಟಿ ನಿಲ್ದಾಣಗಳು ಈ ಹಾದಿಯ ಮೇಲಿವೆ. ಉಗಿಬಂಡಿಯೆಂದರೆ ಗಾಲಿ ಕಟ್ಟಿದ ದೊಡ್ಡ ಕಿಟ್ಲಿಯೇ. ಗಡಸು ನೀರು ತುಂಬಿದರೆ ಅದರ ಬಾಯ್ಲರಿನೊಳಗೂ ಸುಣ್ಣ ಕಟ್ಟುತ್ತದೆ. ಪದರ ದಪ್ಪವಾದಂತೆ ಬೆಂಕಿಯ ಶಾಖ ನೀರಿಗೆ ತಲುಪುವುದಿಲ್ಲ, ಲೋಹವೇ ಕಾದು ಮೆತ್ತಗಾಗಿ ಬಾಯ್ಲರ್ ಸಿಡಿಯುವ ಅಪಾಯವೂ ಇರುತ್ತದೆ. ಅದಕ್ಕಾಗಿಯೇ ಉಗಿಯ ಕಾಲದಲ್ಲಿ ರೈಲಿನವರು ಬಾಯ್ಲರುಗಳನ್ನು ನಿಯಮಿತವಾಗಿ ಬಿಚ್ಚಿ ತೊಳೆಯುತ್ತಿದ್ದರು. ಬಾಯ್ಲರುಗಳ ಸುರಕ್ಷತೆಗೆಂದು 1923ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾನೂನೂ ಬಂತು.

ಚಹಾ ಈ ದೇಶದಲ್ಲಿ ಬೆಳೆದರೂ ಬಹುಕಾಲ ವಿದೇಶದ ಪೇಟೆಗೇ ಹೋಗುತ್ತಿತ್ತು. 1903ರಲ್ಲಿ ಚಹಾ ರಫ್ತಿನ ಮೇಲೆ ಕರ ಹಾಕಿ, ಆ ಹಣದಿಂದ ಪ್ರಚಾರ ಮಾಡುವ ಏರ್ಪಾಟಾಯಿತು. ರೈಲು ನಿಲ್ದಾಣಗಳಲ್ಲಿ ಫಲಕ ಹಾಕಿ, ಊರೂರಿನಲ್ಲಿ ಚಹಾ ಮಾಡಿ ತೋರಿಸಿ ರುಚಿ ಹತ್ತಿಸಿದರು. ಅಲ್ಲಿಯವರೆಗೆ ಮನೆಗಳಲ್ಲಿ ನಿತ್ಯ ಹೀಗೆ ಕಾಯುತ್ತಿದ್ದದ್ದು ಹೆಚ್ಚಾಗಿ ಸ್ನಾನದ ನೀರು. ಚಹಾ ಬಂದ ಮೇಲೆ ಒಂದೇ ಪಾತ್ರೆಯಲ್ಲಿ ದಿನಕ್ಕೆ ಹತ್ತಾರು ಸಲ ನೀರು ಕುದಿಯತೊಡಗಿತು. ಸುಣ್ಣ ಕಣ್ಣಿಗೆ ಕಾಣುವಷ್ಟು ಬೇಗ ಕಟ್ಟತೊಡಗಿತು.

ಕುದಿಸಿದರೆ ಸುಣ್ಣ ಏಕೆ ಬೇರ್ಪಡುತ್ತದೆ? ಈ ಒಗಟು ಬಿಡಿಸಿದ್ದು ಹದಿನೆಂಟನೆಯ ಶತಮಾನದ ಬ್ರಿಟನ್ನಿನಲ್ಲಿ. ಸುಣ್ಣದ ಕಲ್ಲಿನೊಳಗೆ ಒಂದು ಬಗೆಯ ಗಾಳಿ ಅಡಗಿದೆ ಎಂದು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1756ರಲ್ಲಿ ಪ್ರಕಟಿಸಿದ. ಲಂಡನ್ನಿನ ರಾಥ್‌ಬೋನ್ ಪ್ಲೇಸ್ ಎಂಬಲ್ಲಿನ ಪಂಪಿನ ನೀರು ಕುದಿಸಿದಾಗ ಬಿಳಿ ಗಸಿ ಬಿಡುತ್ತಿತ್ತು. ಅದನ್ನು ಪರೀಕ್ಷಿಸಿದ ಹೆನ್ರಿ ಕ್ಯಾವೆಂಡಿಶ್, ಆ ಗಾಳಿಯೇ ಸುಣ್ಣವನ್ನು ನೀರಿನಲ್ಲಿ ಕರಗಿಸಿ ಹಿಡಿದಿದೆ, ಕುದಿಸಿದಾಗ ಗಾಳಿ ಹಾರಿಹೋಗಿ ಸುಣ್ಣ ಕೆಳಗೆ ಬೀಳುತ್ತದೆ ಎಂದು 1767ರಲ್ಲಿ ವಿವರಿಸಿದ. ಇಂದು ನಾವು ಅದನ್ನು ಇಂಗಾಲದ ಡೈಆಕ್ಸೈಡ್ ಎನ್ನುತ್ತೇವೆ. ಕುದಿಸಿದರೆ ಹೋಗುವ ಈ ಗಡಸುತನಕ್ಕೆ 'ತಾತ್ಕಾಲಿಕ' ಎಂದೂ, ಸಲ್ಫೇಟ್ ಮುಂತಾದವುಗಳಿಂದ ಬಂದು ಕುದಿಸಿದರೂ ಹೋಗದ್ದಕ್ಕೆ 'ಶಾಶ್ವತ' ಎಂದೂ ಹೆಸರು.

1841ರಲ್ಲಿ ಅಬರ್ಡೀನಿನ ಪ್ರಾಧ್ಯಾಪಕ ಥಾಮಸ್ ಕ್ಲಾರ್ಕ್ ಇನ್ನೂ ಸ್ವಾರಸ್ಯದ ಉಪಾಯ ಕಂಡುಹಿಡಿದ. ಗಡಸು ನೀರಿಗೆ ಲೆಕ್ಕ ಹಾಕಿ ಇನ್ನಷ್ಟು ಸುಣ್ಣದ ತಿಳಿ ಸೇರಿಸಿದರೆ, ಕರಗಿದ್ದ ಸುಣ್ಣವೂ ಸೇರಿಸಿದ ಸುಣ್ಣವೂ ಕೂಡಿ ತಳಕ್ಕಿಳಿಯುತ್ತವೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆದಂತೆ.

ಹುಳು ಹೋಯಿತು, ಹಕ್ಕಳೆ ಬಂತು

ಈ ತಾಲ್ಲೂಕುಗಳ ನೀರಿನ ಚರಿತ್ರೆಯಲ್ಲಿ ದೊಡ್ಡ ತಿರುವು ಬಂದದ್ದು 1970ರ ದಶಕದಲ್ಲಿ. 1972ರ ಬರದಲ್ಲಿ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ತೆರೆದ ಬಾವಿಗಳು ಬತ್ತಿದವು. ಗಟ್ಟಿ ಕಲ್ಲನ್ನು ಕೊರೆಯುವ ಯಂತ್ರಗಳು ಯುನಿಸೆಫ್ ನೆರವಿನಿಂದ ದೇಶದ ಬರಪೀಡಿತ ಭಾಗಗಳಿಗೆ ಬಂದಿದ್ದವು. ಆದರೆ ಕೊರೆದ ಬಾವಿಗೆ ಕೂಡಿಸಿದ ಎರಕದ ಕೈಪಂಪುಗಳು ಬೇಗ ಕೆಡುತ್ತಿದ್ದವು. ಆಗ ಇಂಡಿಯ ಮಗ್ಗುಲಿನ ಸೊಲ್ಲಾಪುರದಲ್ಲಿ ರೂಪುಗೊಂಡಿದ್ದ ಉಕ್ಕಿನ ಗಟ್ಟಿ ಪಂಪೊಂದು ತಜ್ಞರ ಕಣ್ಣಿಗೆ ಬಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು ತಿದ್ದಿ ತಯಾರಿಸಿದ್ದು 'ಇಂಡಿಯಾ ಮಾರ್ಕ್–2' ಕೈಪಂಪು. 1970ರ ದಶಕದ ಕೊನೆಗೆ ತಯಾರಿಕೆ ಆರಂಭವಾದ ಈ ಪಂಪು ಮುಂದೆ ಆಫ್ರಿಕಾದ ಹಳ್ಳಿಗಳವರೆಗೂ ಹೋಯಿತು. ಊರ ಜನ ಅದನ್ನು ಬೋರಿಂಗ್ ಎಂದೇ ಕರೆದರು.

ಬೋರಿಂಗು ಬಂದದ್ದು ಬರಕ್ಕೆ ಮಾತ್ರ ಉತ್ತರವಾಗಿ ಅಲ್ಲ. ಉತ್ತರ ಕರ್ನಾಟಕದ ಹಳ್ಳಿಗಳನ್ನು ನಾರುಹುಣ್ಣು ಕಾಡುತ್ತಿದ್ದ ಕಾಲ ಅದು. ಕಾಲಿನ ಹುಣ್ಣಿನಿಂದ ಎಳೆಯೆಳೆಯಾಗಿ ಹೊರಬರುವ ಮೊಳದುದ್ದದ ಹುಳು ಹರಡುತ್ತಿದ್ದದ್ದು ಮೆಟ್ಟಿಲು ಬಾವಿಗಳಿಂದ. ಹುಣ್ಣಿದ್ದವರು ನೀರಿಗಿಳಿದಾಗ ಮರಿಗಳು ನೀರು ಸೇರುತ್ತಿದ್ದವು. ನೀರಿನ ಸೂಕ್ಷ್ಮ ಜೀವಿಗಳ ಹೊಟ್ಟೆ ಸೇರಿ, ಅದೇ ನೀರು ಕುಡಿದವರ ಮೈ ಹೊಗುತ್ತಿದ್ದವು. ಮೆಟ್ಟಿಲಿಲ್ಲದ, ಮುಚ್ಚಿದ ಬಾಯಿಯ ಕೊಳವೆ ಬಾವಿ ಈ ಸರಪಳಿಯನ್ನು ಕಡಿಯಿತು. ಮೆಟ್ಟಿಲು ಬಾವಿಗಳ ಸುಧಾರಣೆ, ನೀರು ಸೋಸುವ ಬಟ್ಟೆ, ಆರೋಗ್ಯ ಕಾರ್ಯಕರ್ತರ ಓಡಾಟ ಎಲ್ಲವೂ ಸೇರಿ 1996ರಲ್ಲಿ ದೇಶದ ಕಡೆಯ ರೋಗಿ ದಾಖಲಾದ. 2000ದ ಫೆಬ್ರುವರಿಯಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು.

ಆ ಗೆಲುವಿನ ಮರುಮುಖವೇ ಕಿಟ್ಲಿಯ ಹಕ್ಕಳೆ. ಮೇಲಿನ ತೆಳು ನೀರನ್ನು ಬಿಟ್ಟು ಕಲ್ಲಿನ ಸೀಳುಗಳಲ್ಲಿ ಕಾಲ ಕಳೆದ ನೀರನ್ನು ಮೇಲೆತ್ತಿದಾಗ ಹುಳು ಬರಲಿಲ್ಲ, ಸುಣ್ಣ ಬಂತು. ಹಾಗೆ ನೋಡಿದರೆ ಅದು ಕೆಟ್ಟ ವ್ಯಾಪಾರವೇನಲ್ಲ. ಸುಣ್ಣ ತಿಂದು ಯಾರೂ ಕುಂಟಲಿಲ್ಲ.

ಹುಳಿಯ ವಿದ್ಯೆ

ಹಾಗೆಂದು ಸುಣ್ಣವನ್ನು ಬಿಟ್ಟುಬಿಡುವಂತೆಯೂ ಇಲ್ಲ. ಒಂದು ಲೀಟರ್ ನೀರಿನಲ್ಲಿ 400 ಮಿಲಿಗ್ರಾಂ ತಾತ್ಕಾಲಿಕ ಗಡಸುತನ ಇದೆಯೆಂದು ಇಟ್ಟುಕೊಂಡರೆ, ದಿನಕ್ಕೆ ಎರಡು ಲೀಟರ್ ಕುದಿಸುವ ಮನೆಯಲ್ಲಿ ವರ್ಷಕ್ಕೆ ಕಾಲು ಕಿಲೋದಷ್ಟು ಸುಣ್ಣ ಬೇರ್ಪಡಬಹುದು. ಒಂದಿಷ್ಟು ನೀರಿನೊಡನೆ ಹೊರಗೆ ಹೋದರೂ ಉಳಿದದ್ದು ಪಾತ್ರೆಗೆ ಅಂಟುತ್ತದೆ. ಶಾಖವನ್ನು ಸಾಗಿಸುವುದರಲ್ಲಿ ಸುಣ್ಣ ತಾಮ್ರಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು ಹಿಂದೆ. ಪದರ ದಪ್ಪವಾದಂತೆ ಕಟ್ಟಿಗೆ, ಗ್ಯಾಸು, ವಿದ್ಯುತ್ತು ಯಾವುದಾದರೂ ಹೆಚ್ಚೇ ಬೇಕು. ವಿದ್ಯುತ್ ಕೆಟಲ್ಲಿನ ಕಾಯಿಲ್ ಸುಟ್ಟುಹೋಗುವುದೂ ಉಂಟು.

ತೆಗೆಯುವ ಗುಟ್ಟು ಒಂದೇ: ಹುಳಿ. ಮಳೆಯ ನೀರಿನ ಸಣ್ಣ ಹುಳಿ ನೆಲದಲ್ಲಿ ಮಾಡಿದ ಕೆಲಸವನ್ನು ಅಡುಗೆಮನೆಯ ದೊಡ್ಡ ಹುಳಿ ಪಾತ್ರೆಯಲ್ಲಿ ಬೇಗ ಮಾಡುತ್ತದೆ. ಹುಳಿ ತಾಗಿದೊಡನೆ ಏಳುವ ಗುಳ್ಳೆಗಳು ಕಲ್ಲಿನಲ್ಲಿ ಸೆರೆಯಾಗಿದ್ದ ಇಂಗಾಲದ ಡೈಆಕ್ಸೈಡೇ. ಬೂದಿಯ ಗುಣ ಹುಳಿಗೆ ತಿರುವಾದದ್ದರಿಂದ ಅದು ಜಿಡ್ಡು ತೆಗೆಯುತ್ತದೆ, ಸುಣ್ಣ ತೆಗೆಯುವುದಿಲ್ಲ. ಹುಣಸೆಹಣ್ಣು ತಾಮ್ರ ಹಿತ್ತಾಳೆಗಳ ಕಪ್ಪನ್ನು ತೆಗೆದು ಹೊಳಪು ಕೊಡುವುದರಲ್ಲಿ ಎತ್ತಿದ ಕೈ. ಆದರೆ ದಪ್ಪ ಸುಣ್ಣಕ್ಕೆ ಅದು ಅಷ್ಟು ಸಮರ್ಥವಲ್ಲ. ಹುಣಸೆಯ ಟಾರ್ಟಾರಿಕ್ ಆಮ್ಲ ಸುಣ್ಣದೊಡನೆ ಕೂಡಿದಾಗ ಆಗುವ ವಸ್ತು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ.

ಇಲ್ಲಿ ಪ್ರಕೃತಿಯ ಒಂದು ಸೋಜಿಗವಿದೆ. ಸುಣ್ಣದ ನೀರಿನ ಇದೇ ಇಂಡಿ, ಸಿಂದಗಿ ತಾಲ್ಲೂಕುಗಳು ರಾಜ್ಯದಲ್ಲೇ ನಿಂಬೆಗೆ ಹೆಸರಾದವು. ಇಂಡಿಯ ಲಿಂಬೆಗೆ ಈಚಿನ ವರ್ಷಗಳಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ನಿಂಬೆಗೂ ಸುಣ್ಣಕ್ಕೂ ವಿಜ್ಞಾನದ ಚರಿತ್ರೆಯಲ್ಲಿ ಹಳೆಯ ನಂಟು. 1784ರಲ್ಲಿ ಸ್ವೀಡನ್ನಿನ ಔಷಧ ವ್ಯಾಪಾರಿ ಕಾರ್ಲ್ ವಿಲ್‌ಹೆಲ್ಮ್ ಶೀಲೆ ನಿಂಬೆಜಾತಿಯ ಹಣ್ಣಿನ ರಸದಿಂದ ಹುಳಿಯನ್ನು ಹರಳಾಗಿ ಬೇರ್ಪಡಿಸಿದ. ಅದಕ್ಕೆ ಅವನು ಬಳಸಿದ್ದು ಸುಣ್ಣವನ್ನೇ. ರಸಕ್ಕೆ ಸೀಮೆಸುಣ್ಣ ಬೆರೆಸಿ ತಳಕ್ಕಿಳಿಸಿ, ಬಳಿಕ ಗಂಧಕಾಮ್ಲದಿಂದ ಹುಳಿಯನ್ನು ಬಿಡಿಸಿಕೊಂಡ. ಕಿರಾಣಿ ಅಂಗಡಿಯಲ್ಲಿ 'ನಿಂಬೆ ಉಪ್ಪು' ಎಂದು ಸಿಗುವ ಸಿಟ್ರಿಕ್ ಆಮ್ಲ ಅದೇ. ಹೆಸರು ನಿಂಬೆಯದಾದರೂ ಇಂದು ಅದು ನಿಂಬೆಯಿಂದ ಬರುವುದಲ್ಲ. 1919ರಿಂದೀಚೆಗೆ ಸಕ್ಕರೆಯ ದ್ರಾವಣದಲ್ಲಿ ಒಂದು ಬಗೆಯ ಕಪ್ಪು ಬೂಷ್ಟನ್ನು ಬೆಳೆಸಿ ಕಾರ್ಖಾನೆಗಳಲ್ಲಿ ತಯಾರಿಸುತ್ತಾರೆ. ಜಗತ್ತಿನ ಹೆಚ್ಚಿನ ಪಾಲು ಚೀನಾದಲ್ಲಿ ತಯಾರಾಗುತ್ತದೆ. ಮಳೆಗಾಲದಲ್ಲಿ ಬೆಲೆ ಕುಸಿದು ಇಂಡಿಯ ರೈತ ಹಣ್ಣು ಕೀಳುವ ಕೂಲಿಗೂ ಚಿಂತಿಸುವಾಗ, ಅದೇ ಊರಿನ ಅಂಗಡಿಯಲ್ಲಿ ಬೂಷ್ಟಿನ ನಿಂಬೆ ಉಪ್ಪಿನ ಪೊಟ್ಟಣ ಮಾರಾಟವಾಗುತ್ತದೆ.

ಒಂದು ಲೀಟರಿನ ಕಿಟ್ಲಿಯಲ್ಲಿ ತೆಳು ಪದರವಿದ್ದರೆ ನಾಲ್ಕು ನಿಂಬೆಯ ರಸವನ್ನು ನೀರಿಗೆ ಹಿಂಡಿ, ಸಿಪ್ಪೆಯನ್ನೂ ಹಾಕಿ, ಬಿಸಿ ಮಾಡಿ ಒಂದು ತಾಸು ಬಿಟ್ಟರೆ ಸಾಕು. ದಪ್ಪವಾಗಿದ್ದರೆ ಊಟದ ಚಮಚೆಯಷ್ಟು ನಿಂಬೆ ಉಪ್ಪು ಬೇಕಾದೀತು. ಬಹಳ ಹೊತ್ತು ಕುದಿಸಬಾರದು; ಸುಣ್ಣ ಮತ್ತು ಸಿಟ್ರಿಕ್ ಆಮ್ಲ ಸೇರಿ ಆಗುವ ವಸ್ತು ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗಿ ಮತ್ತೆ ಪಾತ್ರೆಗೇ ಕೂಡುತ್ತದೆ. ವಿನೆಗರ್ ಇದ್ದರೆ ಅರ್ಧಕ್ಕರ್ಧ ನೀರು ಬೆರೆಸಿ ಬಳಸಬಹುದು. ಒಮ್ಮೆಗೆ ಹೋಗದಿದ್ದರೆ ಮತ್ತೊಮ್ಮೆ. ಕೊನೆಗೆ ಬರೀ ನೀರು ಕುದಿಸಿ ಚೆಲ್ಲಬೇಕು. ಅಲ್ಯುಮಿನಿಯಂ ಪಾತ್ರೆಯಲ್ಲಿ, ಕಲಾಯಿ ಹಾಕಿದ ತಾಮ್ರ ಹಿತ್ತಾಳೆಯಲ್ಲಿ ಹುಳಿಯನ್ನು ರಾತ್ರಿಯಿಡೀ ಬಿಡುವುದು ತರವಲ್ಲ. ಕಲ್ಲಿನಿಂದ ಕೆರೆದರೆ ಸುಣ್ಣದ ಜೊತೆಗೆ ಕಲಾಯಿಯೂ ಹೋಗುತ್ತದೆ. ಸಂಡಾಸು ತೊಳೆಯುವ ಆ್ಯಸಿಡನ್ನು ಅಡುಗೆ ಪಾತ್ರೆಗೆ ಮುಟ್ಟಿಸಲೇಬಾರದು.

ಕಾಣುವುದು, ಕಾಣದ್ದು

ಬಿಳಿ ಪದರ ಕಂಡಾಗ ಅನೇಕರಿಗೆ ಮೂಡುವ ಭಯ ಮೂತ್ರಪಿಂಡದ ಹರಳಿನದು. ಪಾತ್ರೆಯಲ್ಲಿ ಕಲ್ಲು ಕಟ್ಟಿದರೆ ಹೊಟ್ಟೆಯಲ್ಲೂ ಕಟ್ಟೀತೆಂಬ ತರ್ಕ ಸಹಜ. ಆದರೆ ದೇಹದ ಹರಳು ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್. ಅದರ ಕಾರಣಗಳು ಬೇರೆ, ಅವುಗಳಲ್ಲಿ ನೀರು ಕಡಿಮೆ ಕುಡಿಯುವುದೂ ಒಂದು. ಗಡಸುತನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ದೃಷ್ಟಿಯಿಂದ ಮಿತಿ ನಿಗದಿ ಮಾಡಿಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಅಪೇಕ್ಷಣೀಯ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು.

ನಿಜವಾಗಿ ಅಂಜಬೇಕಾದದ್ದು ಕಿಟ್ಲಿಯಲ್ಲಿ ಕಾಣುವುದಿಲ್ಲ. ಜಿಲ್ಲೆಯ ಕೆಲವು ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ಗಸಿಯಿಲ್ಲ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ಇನ್ನೂ ಹೆಚ್ಚಾದರೆ ಎಲುಬು ಬಿರುಸಾಗುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಮಂದವಾಗುತ್ತದೆ. ಕಿಟ್ಲಿ ಬೆಳ್ಳಗಾಗಲಿಲ್ಲವೆಂದು ನೀರು ಒಳ್ಳೆಯದೆನ್ನಲಾಗದು, ಬೆಳ್ಳಗಾಯಿತೆಂದು ಕೆಟ್ಟದ್ದೆನ್ನಲೂ ಆಗದು. ಅದನ್ನು ಹೇಳಬೇಕಾದದ್ದು ಪ್ರಯೋಗಾಲಯ.

ಈಗ ನೀರು ಮತ್ತೆ ಬದಲಾಗುತ್ತಿದೆ. 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟೆ ರಾಷ್ಟ್ರಕ್ಕೆ ಸಮರ್ಪಣೆಯಾದದ್ದು 2006ರಲ್ಲಿ, ಅಬ್ದುಲ್ ಕಲಾಂ ಅವರಿಂದ. ನಾರಾಯಣಪುರದ ಎಡದಂಡೆಯಿಂದ ಇಂಡಿ ಶಾಖಾ ಕಾಲುವೆ, ಆಲಮಟ್ಟಿ ಹಿನ್ನೀರಿನಿಂದ ಮುಳವಾಡ ಮತ್ತು ಚಿಮ್ಮಲಗಿ ಏತ ನೀರಾವರಿ, ಕೆರೆ ತುಂಬಿಸುವ ಕೆಲಸ, ಹಲವು ಊರುಗಳಿಗೆ ಒಟ್ಟಾಗಿ ನದಿ ನೀರು ಕೊಡುವ ಯೋಜನೆಗಳು ಒಂದೊಂದಾಗಿ ಬಂದಿವೆ. ನದಿ ನೀರಿನ ನಲ್ಲಿ ಬಂದ ಓಣಿಯಲ್ಲಿ ಬೇಳೆ ಬೇಗ ಬೇಯುತ್ತದೆ. ಬಾರದ ಓಣಿಯಲ್ಲಿ ಕೊಳವೆ ಬಾವಿಯೇ ಗತಿ. ಕುಡಿಯಲು ಮಾತ್ರ ಶುದ್ಧ ನೀರಿನ ಘಟಕಕ್ಕೆ ಕ್ಯಾನು ಹಿಡಿದು ಹೋಗಬೇಕು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಫ್ರಾನ್ಸಿನ ನೀಮ್ ನಗರಕ್ಕೆ ರೋಮನ್ನರು ಒಂದನೆಯ ಶತಮಾನದಲ್ಲಿ ಕಟ್ಟಿದ ನೀರಿನ ಕಾಲುವೆಯೊಳಗೆ ಸುಣ್ಣ ಒಂದು ಅಡಿಗೂ ಮಿಕ್ಕಿ ದಪ್ಪವಾಗಿ ಕಟ್ಟಿದೆ. ಅದರ ಪದರಗಳನ್ನು ಓದಿ ಕಾಲುವೆಯನ್ನು ಎಷ್ಟು ಕಾಲ ಜೋಪಾನ ಮಾಡಿದರು, ಯಾವಾಗ ಕೈಬಿಟ್ಟರು ಎಂದು ವಿದ್ವಾಂಸರು ಲೆಕ್ಕ ಹಾಕುತ್ತಾರೆ. ಈ ತಾಲ್ಲೂಕುಗಳ ಹಳೆಯ ಹಂಡೆ, ಕಿಟ್ಲಿಗಳೂ ಅಂಥದೇ ಕಡತಗಳು. ನದಿ ನೀರು ಬಂದ ಮನೆಗಳಲ್ಲಿ ಹೊಸ ಪದರ ತೆಳುವಾಗುತ್ತಿದೆ. ಬಾರದ ಮನೆಗಳಲ್ಲಿ ಅದು ದಪ್ಪವಾಗುತ್ತಲೇ ಇದೆ, ನಾಲ್ಕು ನಿಂಬೆಹಣ್ಣಿನ ದಾರಿ ಕಾಯುತ್ತಿದೆ.